ಅಡವಿಯಲ್ಲಿ ಅಂಕಿಗಳ ಜಾಡು

ನಮ್ಮ ಪತ್ರಿಕೆಯ ವಾಚಕರಾದ ಗೃಹಸ್ಥರೊಬ್ಬರು ಈಚೆಗೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಅವರ ಮಗಳೂ ಅಳಿಯನೂ ಅಮೆರಿಕಾ ಸಂಯುಕ್ತ ಸಂಸ್ಥಾನದ ಆರೆಗಾನ್ ಎಂಬ ಪ್ರಾಂತದಲ್ಲಿ ನೆಲಸಿರುವರು. ಅಲ್ಲಿ ಮೊಮ್ಮಕ್ಕಳು ರಜಾದಿನ ಬಂತೆಂದರೆ ತಾಯಿತಂದೆಗಳೊಡನೆ ಕಾಡಿಗೆ ಹೊರಟು, ಯಾರೋ ಅಪರಿಚಿತರು ಬಚ್ಚಿಟ್ಟ ಡಬ್ಬಿಯೊಂದನ್ನು ಅಂಕಿಗಳ ಜಾಡು ಹಿಡಿದು ಹುಡುಕುವರಂತೆ. ಒಂದು ಗುರುತು ಸಿಕ್ಕಿದರೆ ಅದರಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು, ಹೀಗೆ ಮೈಲಿಗಟ್ಟಲೆ ನಡೆದು, ಕಡೆಗೆ ಡಬ್ಬಿ ದೊರೆತರೆ ಅದರೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಸ್ಥಳದಲ್ಲಿಯೇ ಇಟ್ಟು, ಬರಿಗೈಯಲ್ಲಿ ಮನೆಗೆ ಮರಳುವರಂತೆ. “ಕೈಗೆ ಏನೂ ಹತ್ತದ ಈ ಹುಡುಕಾಟದಿಂದ ಲಾಭವೇನು? ಇದು ಮಕ್ಕಳಿಗೆ ಕಲಿಸತಕ್ಕ ವಿಷಯವೇ?” ಎಂಬುದು ಆ ಹಿರಿಯರ ಸಂದೇಹ. ಸಂದೇಹವು ಯುಕ್ತವಾದುದೇ. ಉತ್ತರ ಹೇಳಬೇಕಾದರೆ ಈ ಆಟದ ಹುಟ್ಟು, ಅದರ ಕ್ರಮ, ಅದರ ಧರ್ಮ, ಈ ಮೂರನ್ನೂ ಒಂದಿಷ್ಟು ವಿವರಿಸಬೇಕಾಗುವುದು.

ಈ ಆಟಕ್ಕೆ ‘ಜಿಯೋಕ್ಯಾಶಿಂಗ್’ ಎಂದು ಹೆಸರು. ‘ಜಿಯೋ’ ಎಂದರೆ ಗ್ರೀಕ್ ಭಾಷೆಯಲ್ಲಿ ಭೂಮಿ. ‘ಕ್ಯಾಶ್’ ಎಂಬುದು ಬಚ್ಚಿಡು ಎಂಬ ಅರ್ಥವುಳ್ಳ ಫ್ರೆಂಚ್ ಧಾತುವಿನಿಂದ ಬಂದುದು. ಹಿಂದೆ ಉತ್ತರ ಅಮೆರಿಕೆಯ ಕಾಡುಗಳಲ್ಲಿ ಬೇಟೆಯಾಡಿ ಚರ್ಮದ ವ್ಯಾಪಾರ ಮಾಡುತ್ತಿದ್ದವರು ಮುಂದಿನ ಪ್ರಯಾಣಕ್ಕೆಂದು ಆಹಾರಸಾಮಗ್ರಿಗಳನ್ನು ಹುದುಗಿಸಿಡುತ್ತಿದ್ದ ಸ್ಥಳಕ್ಕೆ ಆ ಹೆಸರಿತ್ತು. ನಮ್ಮ ಕಿಸೆಯೊಳಗಿನ ರೊಕ್ಕದ ಕ್ಯಾಶಿಗೂ ಇದಕ್ಕೂ ಉಚ್ಚಾರಣೆಯೊಂದು ಸಮಾನವೇ ಹೊರತು, ಈ ಡಬ್ಬಿಗಳಲ್ಲಿ ಹಣವನ್ನು ಅಪೇಕ್ಷಿಸಿದವನು ನಿರಾಶನಾಗದೆ ಇರನು.

ಆಟವು ಹುಟ್ಟಿದ ದಿನವನ್ನು ಖಚಿತವಾಗಿ ಹೇಳಬಹುದು. ಅಮೆರಿಕೆಯ ಸೈನ್ಯದವರು ಆಕಾಶದಲ್ಲಿ ತೇಲಿಬಿಟ್ಟ ಉಪಗ್ರಹಗಳ ಸಹಾಯದಿಂದ ಭೂಮಿಯ ಮೇಲೆ ತಾನಿರುವ ಸ್ಥಾನವನ್ನು ಅರಿಯುವ ವಿದ್ಯೆಗೆ ಜಿ.ಪಿ.ಎಸ್. ಎನ್ನುವರು. ಮೊದಲು ಜನಸಾಮಾನ್ಯರಿಗೆ ದೊರೆಯುತ್ತಿದ್ದ ಸಂಕೇತದಲ್ಲಿ ಬೇಕೆಂದೇ ಸ್ವಲ್ಪ ದೋಷವನ್ನು ಬೆರೆಸಿಡುತ್ತಿದ್ದರು. ಅದರಿಂದ ಸುಮಾರು ೧೦೦ ಮೀಟರುಗಳಷ್ಟು ಹೆಚ್ಚುಕಡಮೆಯಾಗುತ್ತಿತ್ತು. ಅಧ್ಯಕ್ಷ ಕ್ಲಿಂಟನ್ನರ ಅಪ್ಪಣೆಯ ಮೇರೆಗೆ ೨೦೦೦ನೆಯ ಇಸವಿಯ ಮೇ ೨ರಂದು ಆ ದೋಷವನ್ನು ನಿಲ್ಲಿಸಿಬಿಟ್ಟರು. ಮರುದಿನವೇ, ಅಂದರೆ ಮೇ ೩ರಂದು, ಡೇವ್ ಉಲ್ಮರ್ ಎಂಬ ಕಂಪ್ಯೂಟರ್ ತಜ್ಞರು ಆರೆಗಾನಿನ ಪೋರ್ಟ್‌ಲೆಂಡ್ ನಗರದ ಹತ್ತಿರ, ಬೀವರ್‌ಕ್ರೀಕ್ ಎಂಬಲ್ಲಿ, ಮರಗಳ ನಡುವೆ ಒಂದು ಕಪ್ಪು ಬಕೇಟನ್ನು ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರಜಾಲದ ಮೂಲಕ ಪ್ರಕಟಿಸಿದರು. ಬಕೇಟಿನಲ್ಲಿ ಪುಸ್ತಕಗಳು, ಒಂದು ಕವಣೆ, ಒಂದು ಡಬ್ಬಿ ಬೇಯಿಸಿದ ಹುರುಳಿಕಾಯಿ ಬೀಜ ಮೊದಲಾದ ಚಿಲ್ಲರೆ ವಸ್ತುಗಳೂ, ಬಂದವರು ಹೆಸರು ಬರೆಯಲು ಒಂದು ಪುಸ್ತಕ ಮತ್ತು ಪೆನ್ಸಿಲೂ ಇದ್ದವು. ಏನನ್ನಾದರೂ ತೆಗೆದುಕೊಂಡರೆ ಏನನ್ನಾದರೂ ಇಡಬೇಕು ಎಂಬುದೇ ಅಲ್ಲಿಯ ನಿಬಂಧನೆ. ಮೂರು ದಿನಗಳೊಳಗೆ ಇಬ್ಬರು ಅದನ್ನು ಹುಡುಕಿ ತೆಗೆದರು. ಅದೇ ತಿಂಗಳ ಕೊನೆಗೆ ಮ್ಯಾಟ್ ಸ್ಟಮ್ ಎಂಬವರು ಈ ಆಟಕ್ಕೆ ಈಗಿನ ಹೆಸರನ್ನು ಸೂಚಿಸಿದರು. ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಶ್ ಎಂಬವರು ಇವುಗಳ ಪಟ್ಟಿಯೊಂದನ್ನು ಸಾರ್ವಜನಿಕರಿಗೆ ತೆರೆದಿಟ್ಟಾಗ ಪ್ರಪಂಚದಲ್ಲೆಲ್ಲಾ ಇದ್ದ ಡಬ್ಬಿಗಳು ಸುಮಾರು ೭೫. ಈಗ ಮೂವತ್ತು ಲಕ್ಷಕ್ಕೂ ಮಿಗಿಲಾಗಿವೆ.

ಆದರೆ ಯಂತ್ರವು ಹೊಸದೇ ಹೊರತು ಬುದ್ಧಿಯು ಹೊಸದಲ್ಲ. ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ ಡಾರ್ಟ್‌ಮೂರ್ ಎಂಬ ಬಂಜರು ಪ್ರಸ್ಥಭೂಮಿಯಿದೆ. ಅಲ್ಲಿಗೆ ಬರುವವರಿಗೆ ದಾರಿ ತೋರಿಸುತ್ತಿದ್ದ, ಚಾಗ್‌ಫರ್ಡ್ ಗ್ರಾಮದ ಜೇಮ್ಸ್ ಪೆರಟ್ ಎಂಬವರು ೧೮೫೪ರಲ್ಲಿ, ತಲುಪುವುದಕ್ಕೆ ಬಹು ಕಷ್ಟವಾದ ಕ್ರಾನ್‌ಮಿಯರ್ ಎಂಬ ಜೌಗುಹೊಂಡದ ಬಳಿ ಒಂದು ಸೀಸೆಯನ್ನಿಟ್ಟರು. ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರೊಳಗೆ ಹಾಕಿ ಹೋಗುತ್ತಿದ್ದರು. ಬರುಬರುತ್ತಾ ಜನರು ಅಲ್ಲಿ ಕಾಗದಗಳನ್ನೇ ಬಿಟ್ಟುಬರುವ ರೂಢಿಯಾಯಿತು. ಮುಂದೆ ಬಂದವನು ಯಾರಾದರೂ ಸರಿಯೆ, ಆ ಕಾಗದವನ್ನು ಎತ್ತಿಕೊಂಡು ಹೋಗಿ ಅಂಚೆಗೆ ಹಾಕಬೇಕು. ಬರೆದವನಿಗೂ ಒಯ್ದವನಿಗೂ ಪರಿಚಯವಿಲ್ಲ. ಆದರೂ ಕಾಗದವು ಸೇರಬೇಕಾದ ಸ್ಥಳವನ್ನು ಸೇರುತ್ತಿತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಆಟದ ಮರ್ಮವೆಲ್ಲಾ ಇದರಲ್ಲಿದೆ ಎಂಬುದು ಮುಂದೆ ತಿಳಿಯುವುದು.

ಇನ್ನು ಸ್ಥಾನವನ್ನು ಅರಿಯುವ ಬಗೆ. ಮಳೆಗಾಲದಲ್ಲಿ ಮಿಂಚು ಹೊಳೆದ ಮೇಲೆ ಗುಡುಗು ಕೇಳುವವರೆಗೆ ಒಂದು, ಎರಡು ಎಂದೆಣಿಸಿ, ಸಿಡಿಲು ಎಷ್ಟು ದೂರದಲ್ಲಿ ಬಿದ್ದಿತೆಂದು ಅಂದಾಜು ಮಾಡುವುದನ್ನು ನಾವೆಲ್ಲರೂ ಬಲ್ಲೆವು. ಜಿ.ಪಿ.ಎಸ್. ಕೂಡ ಇಂಥದೇ ಲೆಕ್ಕ. ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರು ಮೇಲೆ ಕನಿಷ್ಠಪಕ್ಷ ೨೪ ಉಪಗ್ರಹಗಳು ದಿನಕ್ಕೆ ಎರಡು ಸಲ ಪ್ರದಕ್ಷಿಣೆ ಮಾಡುತ್ತಾ, ತಮ್ಮ ಗಡಿಯಾರದ ವೇಳೆಯನ್ನು ಸಾರುತ್ತಿರುತ್ತವೆ. ಸಂಕೇತವು ಬಂದು ಮುಟ್ಟಲು ಹಿಡಿದ ಕಾಲದಿಂದ ಕೈಯಲ್ಲಿರುವ ಯಂತ್ರವು ದೂರವನ್ನು ಗುಣಿಸಿಕೊಳ್ಳುತ್ತದೆ. ಸ್ಥಾನಕ್ಕೆ ಮೂರು, ತನ್ನ ಗಡಿಯಾರದ ತಪ್ಪನ್ನು ತಿದ್ದಿಕೊಳ್ಳಲು ಒಂದು, ಹೀಗೆ ನಾಲ್ಕು ಉಪಗ್ರಹಗಳ ದೂರ ತಿಳಿದರೆ ತಾನೆಲ್ಲಿರುವೆನೆಂಬುದು ಗೊತ್ತಾಗುವುದು. ಈಗ ಮನೆಮನೆಯ ಮೊಬೈಲಿನಲ್ಲಿಯೂ ಈ ಯಂತ್ರವಿದೆ. ಬಯಲಿನಲ್ಲಿ ನಿಂತರೆ ಅದು ಸಾಮಾನ್ಯವಾಗಿ ಐದು ಮೀಟರುಗಳ ಒಳಗೆ ಸ್ಥಾನವನ್ನು ತೋರಿಸಬಲ್ಲುದು.

ಡಬ್ಬಿಯು ಒಂದೇ ಕಡೆ ಇದ್ದು ಅದರ ಸ್ಥಾನವನ್ನೇ ಪ್ರಕಟಿಸಿದ್ದರೆ ಅದು ಸರಳವಾದ ಆಟ. ನಮ್ಮ ವಾಚಕರ ಮೊಮ್ಮಕ್ಕಳು ಆಡುವುದು ಅನೇಕ ಮಜಲುಗಳ ಆಟ. ಇದರಲ್ಲಿ ಪ್ರಕಟವಾಗುವುದು ಮೊದಲನೆಯ ಮಜಲಿನ ಸ್ಥಾನ ಮಾತ್ರ. ಡಬ್ಬಿಯು ಎಲ್ಲಿದೆಯೆಂಬುದು ಹೊರಡುವಾಗ ಯಾರಿಗೂ ತಿಳಿಯದು. ಮೊದಲನೆಯ ಮಜಲಿನಲ್ಲಿ ಒಂದು ಸಣ್ಣ ಕರಡಿಗೆಯೊಳಗೆ ಎರಡನೆಯದರ ಅಂಕಿಗಳು ಬರೆದಿರಬಹುದು. ಇಲ್ಲವೆ, ಕರಡಿಗೆಯೇ ಇಲ್ಲದೆ, ಅಲ್ಲಿರುವ ಫಲಕವನ್ನು ಓದಿ, ಸೇತುವೆಯ ಕಂಬಗಳನ್ನು ಎಣಿಸಿ, ಅಂಕಿಯನ್ನು ತಾವೇ ಸಂಪಾದಿಸಬೇಕಾಗಬಹುದು.

ಕ್ರಮವು ಸ್ಪಷ್ಟವಾಗಲೆಂದು ಅಂಥ ಜಾಡೊಂದನ್ನು ಕಲ್ಪಿಸಿಕೊಳ್ಳೋಣ. ಜಾಡು ಕಲ್ಪನೆಯದು, ಕಾಡು ಮಾತ್ರ ನಿಜವಾದುದು. ಪೋರ್ಟ್‌ಲೆಂಡ್ ನಗರದ ಪಶ್ಚಿಮದ ಗುಡ್ಡಗಳ ಮೇಲೆ ಫಾರೆಸ್ಟ್ ಪಾರ್ಕ್ ಎಂಬ ಅರಣ್ಯವಿದೆ. ಐದು ಸಾವಿರ ಎಕರೆಗಳಿಗೂ ಹೆಚ್ಚಾದ ಈ ಕಾಡನ್ನು ೧೯೪೮ರಲ್ಲಿ ನಗರದವರ ಉಪಯೋಗಕ್ಕೆಂದು ಕಾಯ್ದಿಟ್ಟರು. ಡಗ್ಲಸ್ ಫರ್, ಹೆಮ್‌ಲಾಕ್, ಕೆಂಪು ಸೀಡರ್ ಮೊದಲಾದ ಗಗನಚುಂಬಿಗಳಾದ ಮರಗಳು. ಕೆಳಗೆ ಸೊಂಟದೆತ್ತರದ ಜರೀಗಿಡಗಳು. ಬಿದ್ದ ಮರಗಳ ಮೇಲೆಲ್ಲಾ ಹಸಿರು ಪಾಚಿಯ ಹೊದಿಕೆ. ಇದರೊಳಗೆ ವೈಲ್ಡ್‌ವುಡ್ ಎಂಬ ಕಾಲುದಾರಿಯು ಸುಮಾರು ೩೦ ಮೈಲಿ ಸಾಗುತ್ತದೆ. ದಾರಿಯುದ್ದಕ್ಕೂ ಮರಗಳ ಮೇಲೆ ವಜ್ರಾಕೃತಿಯ ನೀಲಿ ಗುರುತುಗಳಿದ್ದು, ಕಾಲು ಮೈಲಿಗೊಮ್ಮೆ ದೂರವನ್ನು ಸೂಚಿಸಿರುತ್ತಾರೆ.

ಮೊದಲನೆಯ ಮಜಲು ದಾರಿಯ ಬಾಯಿಯಲ್ಲಿರುವ ಫಲಕ. ಅದರಲ್ಲಿ ಬರೆದಿರುವ ಇಸವಿಯ ಕೊನೆಯ ಅಂಕಿಯನ್ನು ‘ಅ’ ಎಂದಿಟ್ಟುಕೊಳ್ಳಬೇಕು. ಅಲ್ಲಿಂದ ಬಾಲ್ಚ್ ಎಂಬ ತೊರೆಯ ಜೊತೆಯಲ್ಲಿಯೇ ನಡೆದರೆ ಎರಡನೆಯ ಮಜಲು, ಪಾಳುಬಿದ್ದ ಒಂದು ಕಲ್ಲುಮನೆ. ೧೯೩೦ರ ದಶಕದಲ್ಲಿ ಸರಕಾರವು ನಿರುದ್ಯೋಗಿಗಳಿಗೆ ಕೆಲಸ ಕೊಡಲೆಂದು ಹೂಡಿದ ಯೋಜನೆಯಲ್ಲಿ ಕಟ್ಟಿದ ಈ ಕಟ್ಟಡವು ೧೯೬೨ರ ದೊಡ್ಡ ಬಿರುಗಾಳಿಯಲ್ಲಿ ಕೆಟ್ಟು, ಈಗ ಪಾಚಿಗಟ್ಟಿದ ಗೋಡೆಗಳು ಮಾತ್ರ ಉಳಿದಿವೆ. ಅದರ ಕಿಂಡಿಗಳ ಸಂಖ್ಯೆಯು ‘ಆ’. ಮೂರನೆಯ ಮಜಲಿನಲ್ಲಿ ನೀಲಿ ಗುರುತಿನ ಮೇಲಿನ ಅಂಕಿಯು ‘ಇ’. ಈ ಮೂರನ್ನೂ ಕೊಟ್ಟ ಸೂತ್ರದಲ್ಲಿ ಸೇರಿಸಿದರೆ ಕಡೆಯ ಡಬ್ಬಿಯ ಅಕ್ಷಾಂಶ ರೇಖಾಂಶಗಳು ಬರುವವು. ಮೊದಲನೆಯದನ್ನು ಸರಿಯಾಗಿ ಓದದವನಿಗೆ ನಾಲ್ಕನೆಯದು ದೊರೆಯಲಾರದು. ಮೆಟ್ಟಿಲನ್ನು ಹಾರಿ ಹೋಗುವ ಅನುಕೂಲವು ಇಲ್ಲಿ ಯಾವ ಬುದ್ಧಿವಂತನಿಗೂ ಇಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ವರ್ಷಾನುಗಟ್ಟಲೆ ಲೆಕ್ಕ ಹೇಳಿಕೊಟ್ಟ ನನ್ನಂಥವನಿಗೆ ಈ ಏರ್ಪಾಡು ಬಹಳ ಹಿತವಾಗಿ ಕಾಣುತ್ತದೆ.

ಲೆಕ್ಕದ ಮಾತು ಬಂದುದರಿಂದ ಒಂದು ಅಂಕಿ ತಪ್ಪಿದರೆ ಏನಾಗುವುದೆಂಬುದನ್ನೂ ನೋಡಬೇಕು. ಈ ಆಟದವರು ಸ್ಥಾನವನ್ನು ಡಿಗ್ರಿ, ಮಿನಿಟು, ಮಿನಿಟಿನ ಸಾವಿರದ ಒಂದು ಭಾಗ ಎಂದು ಬರೆಯುವರು. ಪಂಚಾಂಗವನ್ನು ಬಲ್ಲವರು ಇವುಗಳನ್ನು ಅಂಶ, ಕಲೆ ಎಂದು ಗುರುತಿಸುವರು. ಉಲ್ಮರರ ಬಕೇಟು ಇದ್ದ ಸ್ಥಾನವು ಉತ್ತರ ೪೫ ಡಿಗ್ರಿ ೧೭.೪೬೦ ಮಿನಿಟು, ಪಶ್ಚಿಮ ೧೨೨ ಡಿಗ್ರಿ ೨೪.೮೦೦ ಮಿನಿಟು. ಉತ್ತರ ದಕ್ಷಿಣವಾಗಿ ಒಂದು ಮಿನಿಟು ಎಂದರೆ ಭೂಮಿಯ ಮೇಲೆ ಸುಮಾರು ೧೮೫೨ ಮೀಟರು. ಆದಕಾರಣ ಅಕ್ಷಾಂಶದ ಕಡೆಯ ಅಂಕಿಯಲ್ಲಿ ಒಂದು ಹೆಚ್ಚುಕಡಮೆಯಾದರೆ ಎರಡು ಮೀಟರಿಗೂ ಕಡಮೆ ದೋಷ. ಅದರ ಹಿಂದಿನದರಲ್ಲಾದರೆ ಹದಿನೆಂಟು ಮೀಟರು. ಅದಕ್ಕೂ ಹಿಂದಿನದರಲ್ಲಾದರೆ ನೂರ ಎಂಬತ್ತೈದು. ಕಿಂಡಿಯೊಂದನ್ನು ಎಣಿಸದೆ ಬಿಟ್ಟವನು ಯಾವ ಸ್ಥಾನದ ಅಂಕಿಯನ್ನು ಕೆಡಿಸಿದನೋ ಅದಕ್ಕೆ ತಕ್ಕಂತೆ ಹತ್ತು ಹೆಜ್ಜೆಯಾಗಲಿ ಒಂದು ಕಣಿವೆಯ ಆಚೆಗಾಗಲಿ ಹೋಗಿ ನಿಲ್ಲುವನು. ‘ಸ್ಥಾನಬೆಲೆ’ ಎಂಬುದನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದರೂ ಮಕ್ಕಳಿಗೆ ಹಿಡಿಸುವುದು ಕಷ್ಟ. ಕಾಲು ನೋಯುವಷ್ಟು ನಡೆದು ಕಲಿತದ್ದು ಮರೆಯುವುದಿಲ್ಲ.

ಇಂಥ ತಪ್ಪನ್ನು ಹಿಡಿಯುವುದಕ್ಕಾಗಿ ಡಬ್ಬಿಯಿಟ್ಟವರು ಅನೇಕ ವೇಳೆ ಒಂದು ತಾಳೆಯನ್ನೂ ಕೊಟ್ಟಿರುತ್ತಾರೆ. ಎಲ್ಲ ಅಂಕಿಗಳನ್ನೂ ಕೂಡಿದರೆ ಇಂತಿಷ್ಟು ಬರಬೇಕೆಂದು ಹೇಳಿರುವರು. ಮೇಲಿನ ಸ್ಥಾನದ ಅಂಕಿಗಳನ್ನು ಕೂಡಿ ನೋಡಿದರೆ ೪೬ ಬರುವುದು. ನಮ್ಮ ಹಿರಿಯರು ಗುಣಾಕಾರವನ್ನು ಒಂಬತ್ತರ ಶೇಷದಿಂದ ತಾಳೆ ನೋಡುತ್ತಿದ್ದುದೂ ಇದೇ ಜಾತಿಯದು. ಆದರೆ ತಾಳೆಯು ಸರಿಹೋದ ಮಾತ್ರಕ್ಕೆ ಲೆಕ್ಕವು ಸರಿಯೆಂದು ತಿಳಿಯಲಾಗದು. ೧೭.೪೬೦ ಎಂಬುದನ್ನು ೧೭.೬೪೦ ಎಂದು ತಿರುಗುಮುರುಗಾಗಿ ಬರೆದುಕೊಂಡರೆ ಮೊತ್ತವು ಬದಲಾಗದು. ನಿಂತ ಸ್ಥಳ ಮಾತ್ರ ೩೩೩ ಮೀಟರು ಬದಲಾಗುವುದು!

ಕೆಲವು ಜಾಡುಗಳಲ್ಲಿ ಅಂಕಿಗಳನ್ನು ನೇರವಾಗಿ ಹೇಳದೆ ಅಕ್ಷರಗಳಲ್ಲಿ ಅಡಗಿಸಿಡುವುದೂ ಉಂಟು. ಇಂಗ್ಲಿಷಿನ ಮೊದಲನೆಯ ಅಕ್ಷರಕ್ಕೆ ಒಂದು, ಎರಡನೆಯದಕ್ಕೆ ಎರಡು ಎಂದು ಎಣಿಸುವುದು ಅವರ ಪದ್ಧತಿ. ಇದನ್ನು ಕೇಳಿದಾಗ ಸಂಸ್ಕೃತವನ್ನು ಓದಿದವರಿಗೆ ಕಟಪಯಾದಿ ಸಂಖ್ಯೆಯು ನೆನಪಿಗೆ ಬಾರದಿರದು. ಕ, ಟ, ಪ, ಯ ಎಂಬ ನಾಲ್ಕಕ್ಕೂ ಒಂದು ಎಂಬ ಬೆಲೆಯನ್ನಿಟ್ಟು ಮುಂದಿನ ಅಕ್ಷರಗಳಿಗೆ ಕ್ರಮವಾಗಿ ಎರಡು, ಮೂರು ಎಂದು ಎಣಿಸಿ, ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದುವುದು ಅದರ ಕ್ರಮ. ಸಂಗೀತವನ್ನು ಕಲಿಯುತ್ತಿರುವ ಹೆಣ್ಣುಮಕ್ಕಳು ಮನೆಯಲ್ಲಿದ್ದರೆ ಕೇಳಿ ನೋಡಿ. ಮೇಚಕಲ್ಯಾಣಿ ಎಂಬ ಹೆಸರಿನಲ್ಲಿ ಮಕಾರಕ್ಕೆ ಐದು, ಚಕಾರಕ್ಕೆ ಆರು. ತಿರುಗಿಸಿ ಓದಿದರೆ ೬೫. ಎಪ್ಪತ್ತೆರಡು ಮೇಳಕರ್ತರಾಗಗಳಲ್ಲಿ ಅದು ಅರವತ್ತೈದನೆಯದು. ಧೀರಶಂಕರಾಭರಣದಲ್ಲಿ ಒಂಬತ್ತು ಮತ್ತು ಎರಡು, ತಿರುಗಿಸಿದರೆ ೨೯. ಹೆಸರಿನೊಳಗೆ ವಿಳಾಸವನ್ನು ಅಡಗಿಸಿಡುವ ಚಮತ್ಕಾರವು ನಮ್ಮ ಮಕ್ಕಳಿಗೆ ಪರದೇಶದಿಂದ ಬರಬೇಕಾಗಿಲ್ಲ.

ಇಷ್ಟೆಲ್ಲಾ ಲೆಕ್ಕ ಸರಿಹೋದ ಮೇಲೆಯೂ ಕೆಲಸವು ಮುಗಿಯಲಿಲ್ಲ. ದಟ್ಟವಾದ ಕಾಡಿನಲ್ಲಿ ಉಪಗ್ರಹದ ಕ್ಷೀಣವಾದ ಸಂಕೇತವು ತೊಯ್ದ ಎಲೆಗಳಿಗೂ ದಪ್ಪ ಕಾಂಡಗಳಿಗೂ ತಾಗಿ ಕುಂದುವುದು. ಬಂಡೆಗೆ ಬಡಿದು ಸುತ್ತುದಾರಿಯಲ್ಲಿ ಬಂದರೆ ದೂರವು ಹೆಚ್ಚಾಗಿ ತೋರುವುದು. ಬಯಲಿನಲ್ಲಿ ಐದು ಮೀಟರಿದ್ದ ದೋಷವು ಇಲ್ಲಿ ಹತ್ತಾಗಬಹುದು, ಇಪ್ಪತ್ತಾಗಬಹುದು. ಇಟ್ಟವನ ಯಂತ್ರಕ್ಕೂ ಇಂಥದೇ ದೋಷವಿದ್ದಿರಬಹುದು. ಕೆಲವು ಮಜಲುಗಳಲ್ಲಿ, ಇಲ್ಲಿಂದ ಇಂಥ ದಿಕ್ಕಿಗೆ ೪೦ ಮೀಟರು ಎಂದು ಹೇಳಿರುವುದುಂಟು. ಆಗ ದಿಕ್ಸೂಚಿಯು ಬೇಕು. ಅದರಲ್ಲಿಯೂ ಒಂದು ಸೂಕ್ಷ್ಮವಿದೆ. ಆರೆಗಾನಿನ ಆ ಭಾಗದಲ್ಲಿ ಸೂಜಿಯು ತೋರಿಸುವ ಉತ್ತರವು ನಿಜವಾದ ಉತ್ತರಕ್ಕಿಂತ ಸುಮಾರು ೧೫ ಡಿಗ್ರಿ ಪೂರ್ವಕ್ಕೆ ವಾಲಿರುವುದು. ಇದನ್ನು ಮರೆತವನು ನಲವತ್ತು ಮೀಟರು ನಡೆಯುವಷ್ಟರಲ್ಲಿ ಹತ್ತು ಮೀಟರು ಪಕ್ಕಕ್ಕೆ ಸರಿದಿರುವನು. ನಮ್ಮ ಸೀಮೆಯಲ್ಲಿ ಈ ವಾಲುವಿಕೆಯು ಬಹು ಸ್ವಲ್ಪವಾದುದರಿಂದ ನಮ್ಮ ಹುಡುಗರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದುದರಿಂದ ಯಂತ್ರವು ನಮ್ಮನ್ನು ಹತ್ತಿರಕ್ಕೆ ಒಯ್ಯುವುದೇ ಹೊರತು ಡಬ್ಬಿಯನ್ನು ಕೈಯಲ್ಲಿಡುವುದಿಲ್ಲ. ಕಡೆಯ ಹತ್ತು ಹೆಜ್ಜೆಗಳಲ್ಲಿ ಯಂತ್ರವನ್ನು ಕಿಸೆಗೆ ಹಾಕಿ ಕಣ್ಣನ್ನು ತೆರೆಯಬೇಕು. ಪ್ರಕೃತಿಯು ಕಡ್ಡಿಗಳನ್ನು ಸಮವಾಗಿ ಜೋಡಿಸಿಡುವುದಿಲ್ಲ. ಹಾಗೆ ಜೋಡಿಸಿದ್ದರೆ ಅದು ಮನುಷ್ಯನ ಕೈ. ಎಲ್ಲ ಕಲ್ಲುಗಳ ಮೇಲೂ ಪಾಚಿಯಿದ್ದು ಒಂದರ ಮೇಲೆ ಮಾತ್ರ ಇಲ್ಲದಿದ್ದರೆ ಆ ಕಲ್ಲು ಈಚೆಗೆ ಕದಲಿದೆ. ಪೊಟರೆಯ ಬಾಯಿಗೆ ಬೇರೆ ಮರದ ತೊಗಟೆಯು ಅಡ್ಡವಾಗಿದ್ದರೆ ಅದು ತಾನಾಗಿ ಬಂದುದಲ್ಲ. ಸಹಜವಾದುದು ಯಾವುದೆಂದು ಬಲ್ಲವನಿಗಲ್ಲದೆ ಅಸಹಜವಾದುದು ಕಾಣಿಸದು. ಇದಕ್ಕಾಗಿ ಮಗುವು ಮೊದಲು ಕಾಡನ್ನು ನೋಡಬೇಕಾಗುತ್ತದೆ. ಯಾವ ಮರ, ಯಾವ ಎಲೆ, ಯಾವ ಹಕ್ಕಿಯ ಕೂಗು ಎಂದು ವಿಚಾರಿಸಬೇಕಾಗುತ್ತದೆ. ಮೊಬೈಲಿನ ಗಾಜಿನಿಂದ ಕಣ್ಣು ಕೀಳದ ಮಕ್ಕಳನ್ನು ಆ ಮೊಬೈಲಿನ ನೆಪದಿಂದಲೇ ಮರದ ಬುಡಕ್ಕೆ ಕರೆತರುವ ಆಟವನ್ನು ನಾನು ಹಳಿಯಲಾರೆ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಅನೇಕ ಮಜಲುಗಳ ಜಾಡು ಎಂಬುದು ಒಂದು ಸರಪಳಿ. ಎರಡನೆಯ ಮಜಲಿನ ಕರಡಿಗೆಯನ್ನು ಒಬ್ಬನು ತೆಗೆದು ನೋಡಿ, ಅವಸರದಲ್ಲಿ ಹತ್ತು ಹೆಜ್ಜೆ ಆಚೆಗೆ ಇಟ್ಟುಹೋದರೆ, ಇಲ್ಲವೆ ಮುಚ್ಚಳವನ್ನು ಸರಿಯಾಗಿ ಬಿಗಿಯದೆ ಚೀಟಿಯು ಮಳೆಯಲ್ಲಿ ನೆನೆದುಹೋದರೆ, ಅವನಿಗೆ ನಷ್ಟವಿಲ್ಲ. ಅವನು ತನ್ನ ಅಂಕಿಯನ್ನು ಬರೆದುಕೊಂಡಾಯಿತು. ನಷ್ಟವೆಲ್ಲಾ ಹಿಂದೆ ಬರುವವರದು. ಅವರು ಯಾರೋ, ಎಂದು ಬರುವರೋ ಅವನಿಗೆ ತಿಳಿಯದು. ಅವನು ಮಾಡಿದುದನ್ನು ನೋಡುವವರೂ ಅಲ್ಲಿಲ್ಲ. ಹಾಗಿದ್ದರೂ ಸಾವಿರಾರು ಜನರು ಮುಚ್ಚಳವನ್ನು ಬಿಗಿದು, ಕಲ್ಲನ್ನು ಮೊದಲಿದ್ದಂತೆಯೇ ಇಟ್ಟು, ಕಡ್ಡಿಗಳನ್ನು ಹರಡಿ ಹೋಗುತ್ತಾರೆ. ಹೋಗದಿದ್ದರೆ ಈ ಆಟವು ಇಪ್ಪತ್ತೈದು ವರ್ಷ ಬಾಳುತ್ತಿರಲಿಲ್ಲ. ನಮ್ಮಲ್ಲಿ ಅರವಟ್ಟಿಗೆಯನ್ನಿಟ್ಟವರೂ ಸಾಲುಮರಗಳನ್ನು ನೆಟ್ಟವರೂ ದಾರಿಹೋಕನ ಹೆಸರನ್ನು ಕೇಳಿ ನೆಡಲಿಲ್ಲ. ಕಾಣದವರ ವಿಷಯದಲ್ಲಿ ಋಣವುಂಟೆಂಬ ಭಾವನೆಯಿಂದ ಅವು ಆದುವು. ಡಾರ್ಟ್‌ಮೂರಿನ ಕಾಗದವನ್ನು ಅಂಚೆಗೆ ಹಾಕಿದವನಿಗೂ, ಆರೆಗಾನಿನ ಕರಡಿಗೆಯ ಮುಚ್ಚಳವನ್ನು ಬಿಗಿಯುವ ಮಗುವಿಗೂ ಇರುವುದು ಇದೇ ಭಾವನೆ. ಯಾರೂ ನೋಡದಿರುವಾಗ ಸರಿಯಾಗಿ ನಡೆದುಕೊಳ್ಳುವುದನ್ನು ಉಪದೇಶದಿಂದ ಕಲಿಸುವುದು ಎಷ್ಟು ಕಷ್ಟವೆಂಬುದು ಹೆತ್ತವರಿಗೂ ಉಪಾಧ್ಯಾಯರಿಗೂ ಗೊತ್ತು. ಇಲ್ಲಿ ಅದು ಆಟದ ಅಂಗವಾಗಿಯೇ ಅಭ್ಯಾಸಕ್ಕೆ ಬರುವುದು. ‘ಬರಿಗೈಯಲ್ಲಿ ಬಂದರು’ ಎಂಬ ಆಕ್ಷೇಪಕ್ಕೆ ಇದೇ ನನ್ನ ಉತ್ತರ.

ಇನ್ನೊಂದು ಒಳ್ಳೆಯ ಪದ್ಧತಿಯಿದೆ. ಡಬ್ಬಿಯು ಸಿಕ್ಕದವರು ಮೌನವಾಗಿ ಹೋಗದೆ, ‘ಹುಡುಕಿದೆವು, ಸಿಕ್ಕಲಿಲ್ಲ’ ಎಂದು ದಿನಾಂಕದೊಡನೆ ಬಹಿರಂಗವಾಗಿ ಬರೆಯುವರು. ಹೀಗೆ ನಾಲ್ಕಾರು ಜನರು ಬರೆದರೆ ಡಬ್ಬಿಯು ಕಾಣೆಯಾಗಿರಬಹುದೆಂದು ಇಟ್ಟವರು ಬಂದು ನೋಡುವರು. ಸೋಲನ್ನು ಮುಚ್ಚಿಟ್ಟರೆ ಮುಂದಿನವರು ವೃಥಾ ಅಲೆಯಬೇಕಾಗುವುದು. ಪರೀಕ್ಷೆಯ ಅಂಕಗಳನ್ನು ನೆರೆಮನೆಯವರಿಂದ ಮರೆಮಾಚುವ ನಮ್ಮ ಸಂಸಾರಗಳಲ್ಲಿ, ಸೋಲನ್ನು ನಾಲ್ವರಿಗೆ ಉಪಯೋಗವಾಗುವಂತೆ ಹೇಳಬಹುದೆಂಬ ಮಾತು ಯೋಚನೆಗೆ ತಕ್ಕುದು.

ಹಾಗೆಂದು ಈ ಆಟವು ನಿರ್ದೋಷವೆಂದು ನಾನು ಹೇಳುವುದಿಲ್ಲ. ಒಂದೇ ಮರದ ಸುತ್ತ ನೂರಾರು ಜನರು ಹುಡುಕಿದರೆ ಅಲ್ಲಿಯ ಜರೀಗಿಡ ಪಾಚಿಗಳು ತುಳಿತಕ್ಕೆ ಸಿಕ್ಕಿ ನಾಶವಾಗಿ, ಇಲ್ಲದ ಕಾಲುದಾರಿಯೊಂದು ಬೀಳುವುದು. ಆದಕಾರಣವೇ ನೆಲವನ್ನು ಅಗೆದು ಹೂಳಬಾರದು, ಮರಗಳಿಗೆ ಹಾನಿ ಮಾಡಬಾರದು, ಪ್ರಾಣಿಗಳನ್ನು ಸೆಳೆಯುವ ತಿಂಡಿಯನ್ನು ಇಡಬಾರದು, ನೆಲದ ಒಡೆಯರ ಅನುಮತಿಯಿಲ್ಲದೆ ಏನನ್ನೂ ಇಡಬಾರದು ಎಂಬ ನಿಯಮಗಳಿವೆ. ಅಮೆರಿಕೆಯ ರಾಷ್ಟ್ರೀಯ ಉದ್ಯಾನಗಳಲ್ಲಿ ಅಧಿಕಾರಿಗಳ ಒಪ್ಪಿಗೆಯಿಲ್ಲದೆ ಡಬ್ಬಿಯನ್ನು ಇಡಕೂಡದು. ಪಟ್ಟಣಗಳಲ್ಲಿ ಬಚ್ಚಿಟ್ಟ ಡಬ್ಬಿಯನ್ನು ಸಿಡಿಮದ್ದೆಂದು ಭ್ರಮಿಸಿ ಪೋಲೀಸಿನವರನ್ನು ಕರೆಸಿದ ಪ್ರಸಂಗಗಳೂ ನಡೆದಿವೆ; ಅದರಿಂದ ಇದು ಇಂಥ ಆಟದ್ದೆಂದು ಮೇಲೆಯೇ ಬರೆದಿರಬೇಕು. ಪ್ರಾಯಶ್ಚಿತ್ತದಂತೆ ಇನ್ನೊಂದು ರೂಢಿಯು ೨೦೦೨ರಿಂದ ಬೆಳೆದಿದೆ. ಡಬ್ಬಿಯನ್ನು ಹುಡುಕಲು ಹೋದವರು ಹಿಂದಿರುಗುವಾಗ ದಾರಿಯಲ್ಲಿ ಬಿದ್ದ ಕಸವನ್ನು ಚೀಲದಲ್ಲಿ ತುಂಬಿಕೊಂಡು ಬರುವರು.

ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆಯೊಂದನ್ನೂ ಹೇಳಬೇಕು. ಯಂತ್ರವು ತೋರಿಸುವುದು ನೇರವಾದ ದೂರ. ಇನ್ನೂರು ಮೀಟರು ಎಂದು ಬಾಣವು ಹೇಳಿದರೂ ನಡುವೆ ಕಮರಿಯಿದೆಯೆಂದು ಅದು ಹೇಳದು. ಬಾಣವನ್ನು ನಂಬಿ ದಾರಿಯನ್ನು ಬಿಟ್ಟವನು ಕಾಲು ಮುರಿದುಕೊಳ್ಳುವುದು ಸುಲಭ. ಮುಂದಿನ ಮಜಲು ಇನ್ನೇನು ಬಂತೆಂಬ ಆಸೆಯಿಂದ ಕತ್ತಲಾದುದನ್ನೂ ನೀರು ಮುಗಿದುದನ್ನೂ ಜನರು ಗಮನಿಸುವುದಿಲ್ಲ. ಎಷ್ಟು ಗಂಟೆಗೆ ಹಿಂದಿರುಗುವೆವೆಂದು ಮನೆಯಲ್ಲಿ ಹೇಳಿ ಹೊರಡುವುದು, ಕಾಗದದ ನಕ್ಷೆಯನ್ನು ಜೊತೆಯಲ್ಲಿಟ್ಟುಕೊಳ್ಳುವುದು, ಗೊತ್ತಾದ ವೇಳೆಗೆ ಎಲ್ಲಿದ್ದರೂ ಹಿಂದಿರುಗುವುದು, ಇಷ್ಟು ಇಲ್ಲದವರು ಕಾಡಿಗೆ ಹೋಗತಕ್ಕದ್ದಲ್ಲ.

ಇದನ್ನು ಓದಿ, ನಮ್ಮ ಬಂಡೀಪುರದಲ್ಲಿಯೋ ನಾಗರಹೊಳೆಯಲ್ಲಿಯೋ ಇಂಥ ಜಾಡನ್ನು ಹೂಡೋಣವೆಂದು ಯಾವ ಉತ್ಸಾಹಿಗಳೂ ಹೊರಡಬಾರದು. ಅವು ಆನೆ ಹುಲಿಗಳ ಮನೆ. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾನೂನಿನ ಪ್ರಕಾರ ಅಪ್ಪಣೆಯಿಲ್ಲದೆ ಅಲ್ಲಿ ಕಾಲಿಡುವಂತೆಯೇ ಇಲ್ಲ. ಊರೊಳಗಿನ ತೋಟಗಳಿಗೆ ಬೇರೊಂದು ಬಗೆಯು ಹೊಂದುವುದು. ೨೦೦೪ರಿಂದ ‘ಅರ್ತ್‌ಕ್ಯಾಶ್’ ಎಂಬ ಪ್ರಭೇದವೊಂದು ಬಳಕೆಯಲ್ಲಿದೆ. ಅದರಲ್ಲಿ ಡಬ್ಬಿಯೇ ಇರದು. ಬಂಡೆಯನ್ನೋ ಜಲಪಾತವನ್ನೋ ಕಣ್ಣಾರೆ ನೋಡಿ, ಭೂಗರ್ಭದ ವಿಷಯವಾಗಿ ಕೇಳಿದ ಪ್ರಶ್ನೆಗಳಿಗೆ ಉತ್ತರವನ್ನು ಕಂಡುಹಿಡಿಯಬೇಕು. ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಕ್ಷಿತಿಜಕ್ಕೆ ಬೆನ್ನು ಕೊಟ್ಟಂತಿರುವ ಬಂಡೆಗುಡ್ಡವು ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಪ್ರಾಚೀನವಾದುದು. ಅಲ್ಲಿಯ ಮರಗಳ ಹೆಸರಿನ ಫಲಕಗಳನ್ನೂ ಆ ಬಂಡೆಯನ್ನೂ ಮಜಲುಗಳಾಗಿ ಮಾಡಿಕೊಂಡು, ಏನನ್ನೂ ಇಡದೆ, ಏನನ್ನೂ ಮುಟ್ಟದೆ, ಓದಿ ಎಣಿಸುವ ಜಾಡೊಂದನ್ನು ತಂದೆಯಾದವನು ಒಂದು ಬೆಳಗ್ಗೆ ಸಿದ್ಧಪಡಿಸಬಲ್ಲನು.

ಅದಕ್ಕೂ ಅವಕಾಶವಿಲ್ಲದವರಿಗೆ ಮನೆಯ ಹಿತ್ತಿಲೇ ಸಾಕು. ನಾಲ್ಕು ಚೀಟಿಗಳು, ಒಂದು ದಿಕ್ಸೂಚಿ, ಒಂದು ಮುಚ್ಚಳವುಳ್ಳ ಡಬ್ಬಿ, ಇಷ್ಟೇ ಸಲಕರಣೆ. ಮೊದಲನೆಯ ಚೀಟಿಯನ್ನು ಮಗುವಿನ ಕೈಯಲ್ಲಿ ಕೊಡಬೇಕು: ತುಲಸಿಕಟ್ಟೆಯಿಂದ ಪೂರ್ವಕ್ಕೆ, ಕಟ್ಟೆಯ ಮೆಟ್ಟಿಲುಗಳ ಮೂರರಷ್ಟು ಹೆಜ್ಜೆ. ಎರಡನೆಯದು ಬಾವಿಯ ರಾಟೆಯ ಕಂಬದಲ್ಲಿ; ಅದರಲ್ಲಿ ಕಟಪಯಾದಿಯಿಂದ ಬಿಡಿಸತಕ್ಕ ಒಂದು ಹೆಸರು. ಮೂರನೆಯದು ಹಲಸಿನ ಮರದ ಬುಡದಲ್ಲಿ. ಅದರಲ್ಲಿ ಹಿಂದಿನ ಎರಡು ಅಂಕಿಗಳನ್ನೂ ಕೂಡಿಸುವ ಲೆಕ್ಕವೂ ಒಂದು ತಾಳೆಯೂ ಇರಲಿ. ಮಕ್ಕಳ ವಯಸ್ಸಿಗೆ ತಕ್ಕಂತೆ ಲೆಕ್ಕವನ್ನು ಕಠಿಣ ಮಾಡಬಹುದು. ಆದರೆ ಒಂದೂ ಚೀಟಿಯು ಮೋಸದ್ದಾಗಿರಬಾರದು. ಎಡವಿದ ಮಗುವಿಗೆ ಉತ್ತರವನ್ನು ಹೇಳದೆ, ಹಿಂದಿನ ಮಜಲಿಗೆ ಹೋಗಿ ಮತ್ತೊಮ್ಮೆ ಓದಿಕೊಂಡು ಬಾ ಎನ್ನಬೇಕು. ಇಟ್ಟವನ ಮಾತು ಸತ್ಯವೆಂಬ ನಂಬಿಕೆಯಿದ್ದರೆ ಮಾತ್ರ ಹುಡುಕುವವನು ತನ್ನ ಲೆಕ್ಕವನ್ನು ಮತ್ತೊಮ್ಮೆ ನೋಡುವನು. ನಂಬಿಕೆಯು ಕೆಟ್ಟರೆ ಲೆಕ್ಕವನ್ನು ಬಿಟ್ಟು ಇಟ್ಟವನನ್ನು ಬೈಯುವನು.

ಕಡೆಯ ಡಬ್ಬಿಯಲ್ಲಿ ಮಿಠಾಯಿಗಿಂತ ಒಂದು ಸಣ್ಣ ಪುಸ್ತಕವು ಮೇಲು. ಕಂಡುಹಿಡಿದ ಮಗುವು ದಿನಾಂಕವನ್ನೂ ಹೆಸರನ್ನೂ ದಾರಿಯಲ್ಲಿ ಕಂಡ ಒಂದು ವಿಶೇಷವನ್ನೂ ಅದರಲ್ಲಿ ಬರೆಯಲಿ. ಅನಂತರ ಡಬ್ಬಿಯನ್ನೂ ಮೂರು ಚೀಟಿಗಳನ್ನೂ ಮೊದಲಿದ್ದಂತೆಯೇ ಇಟ್ಟು ಬರುವಂತೆ ಹೇಳಬೇಕು; ಏಕೆಂದರೆ ಮಧ್ಯಾಹ್ನ ಅದೇ ಜಾಡಿನಲ್ಲಿ ಹೊರಡಬೇಕಾದವರು ತಂಗಿಯೋ ಪಕ್ಕದ ಮನೆಯ ಹುಡುಗನೋ ಇರುವರು. ಮಗುವು ಹಾಗೆ ಇಟ್ಟುಬಂದಿತೇ ಇಲ್ಲವೇ ಎಂಬುದನ್ನು ಹಿರಿಯರು ಹಿಂದಿನಿಂದ ಹೋಗಿ ನೋಡತಕ್ಕದ್ದಲ್ಲ. ಮಧ್ಯಾಹ್ನದ ಹುಡುಕಾಟವೇ ಅದನ್ನು ಹೇಳುವುದು.